ಒಬ್ಬರ ಲೋಟದ ಯಂತ್ರ

ಪುಸ್ತಕವನ್ನೂ ಸಿನಿಮಾವನ್ನೂ ವಿಮರ್ಶಿಸುವ ನಾವು ಅಡುಗೆಮನೆಗೆ ಬಂದು ಕೂರುವ ಯಂತ್ರಗಳನ್ನು ವಿಮರ್ಶೆಗೆ ಒಳಪಡಿಸುವುದು ಕಡಿಮೆ. ಬೆಲೆ ಎಷ್ಟು, ಕರೆಂಟು ಎಷ್ಟು ಬೇಕು, ವಾರಂಟಿ ಎಷ್ಟು ವರ್ಷ ಎಂದು ಕೇಳಿ ಸುಮ್ಮನಾಗುತ್ತೇವೆ. ಆದರೆ ಪುಸ್ತಕವನ್ನು ನಾವು ಓದಿ ಬದಿಗಿಡುತ್ತೇವೆ, ಯಂತ್ರವನ್ನು ದಿನಕ್ಕೆ ಎರಡು ಬಾರಿಯಾದರೂ ಮುಟ್ಟುತ್ತೇವೆ. ಮನೆಯಲ್ಲಿ ಯಾರು ಎದ್ದು ಏನು ಮಾಡಬೇಕು, ಬಂದವರಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು ಎಂಬುದನ್ನೆಲ್ಲ ಅದು ಸದ್ದಿಲ್ಲದೆ ತೀರ್ಮಾನಿಸುತ್ತಾ ಹೋಗುತ್ತದೆ.

ಅಂತಹ ಒಂದು ಯಂತ್ರದ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಕ್ಯಾಪ್ಸೂಲ್ ಅಥವಾ ಪಾಡ್ ಹಾಕಿ ಗುಂಡಿ ಒತ್ತಿದರೆ ಒಂದೇ ಲೋಟ ಕಾಫಿ ಇಳಿಸುವ ಯಂತ್ರ. ಒಂದು ಕಾಲಕ್ಕೆ ಅದು ದೊಡ್ಡ ಕಂಪನಿಗಳ ಕಚೇರಿಯಲ್ಲಿ, ತಾರಾ ಹೋಟೆಲಿನ ಕೋಣೆಯಲ್ಲಿ ಮಾತ್ರ ಕಾಣುತ್ತಿತ್ತು. ಈಗ ಮೈಸೂರಿನ ಮಂಡಿ ಮೊಹಲ್ಲಾದಂತಹ ಹಳೆಯ ಬಡಾವಣೆಯ ಮನೆಗಳ ಬಾಗಿಲನ್ನೂ ತಟ್ಟುತ್ತಿದೆ. ಕೊಲ್ಲಿ ದೇಶದಿಂದ ರಜೆಗೆ ಬರುವ ಮಗನ ಪೆಟ್ಟಿಗೆಯಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಅಮ್ಮಿಗೆ ಕಳಿಸುವ ಪಾರ್ಸೆಲ್ಲಿನಲ್ಲಿ, ಮದುವೆಯ ಉಡುಗೊರೆಗಳ ನಡುವೆ ಅದು ಬರುತ್ತದೆ. ಬಂದ ಮೇಲೆ ಅದಕ್ಕೆ ಜಾಗ ಮಾಡಿಕೊಡಲು ಫಿಲ್ಟರನ್ನು ಎತ್ತಿ ಮೇಲಿನ ಕಪಾಟಿಗೆ ಇಡಲಾಗುತ್ತದೆ. ಹಾಗೆ ಇಡುವಾಗ ನಾವು ಏನನ್ನು ಮೇಲಿಟ್ಟೆವು ಎಂಬುದೇ ನಮ್ಮ ಪ್ರಶ್ನೆ.

ಯಂತ್ರದ ಪರವಾಗಿ

ಮೊದಲು ಅದರ ಗುಣವನ್ನು ಹೇಳಿಬಿಡುವುದು ನ್ಯಾಯ. ಯಂತ್ರದ ಒಳಗೆ ಒಂದು ನೀರಿನ ತೊಟ್ಟಿ, ಒಂದು ಪಂಪು, ನೀರನ್ನು ಕ್ಷಣದಲ್ಲಿ ಕಾಯಿಸುವ ಒಂದು ಲೋಹದ ಅಚ್ಚು ಇರುತ್ತವೆ. ಕ್ಯಾಪ್ಸೂಲನ್ನು ಇಟ್ಟು ಹಿಡಿಕೆಯನ್ನು ಮುಚ್ಚಿದಾಗ ಮೊನೆಗಳು ಅದನ್ನು ಚುಚ್ಚುತ್ತವೆ. ಬಿಸಿನೀರು ಒತ್ತಡದಿಂದ ಒಳನುಗ್ಗಿ, 5 ಗ್ರಾಮಿನಷ್ಟು ಪುಡಿಯ ಸಾರವನ್ನು ಎಳೆದುಕೊಂಡು ಲೋಟಕ್ಕೆ ಬೀಳುತ್ತದೆ. ಗುಂಡಿ ಒತ್ತಿದ ಒಂದೆರಡು ನಿಮಿಷದಲ್ಲಿ ಕಾಫಿ ಸಿದ್ಧ. ಇಂದಿನ ರುಚಿ ನಾಳೆಯೂ ಸಿಗುತ್ತದೆ. ಡಿಕಾಕ್ಷನ್ ಉಳಿಯಿತು, ಹಳಸಿತು ಎಂಬ ಮಾತಿಲ್ಲ.

ಮಕ್ಕಳೆಲ್ಲ ಹೊರದೇಶದಲ್ಲಿದ್ದು ಒಬ್ಬರೇ ಉಳಿದಿರುವ ವೃದ್ಧರಿಗೆ ಇದೊಂದು ಉಪಕಾರವೇ ಸರಿ. ಕೈ ನಡುಗುವ ವಯಸ್ಸಿನಲ್ಲಿ ಕುದಿಯುವ ನೀರಿನ ಪಾತ್ರೆ ಎತ್ತುವುದು ತಪ್ಪುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಾವು ಹಾಡಿ ಹೊಗಳುವ ಮನೆಯ ಫಿಲ್ಟರ್ ಕಾಫಿಯ ಹಿಂದೆ ಯಾರದೋ ಮುಂಜಾನೆಯ ನಿದ್ದೆ ಇದೆ. ಡಿಕಾಕ್ಷನ್ ಹಾಕಿದವರು, ಹಾಲು ಕಾಯಿಸಿದವರು, ರಾತ್ರಿ ಹನ್ನೊಂದಕ್ಕೆ ಅಬ್ಬಾನ ಗೆಳೆಯರು ಬಂದಾಗ ಮತ್ತೆ ಒಲೆ ಹಚ್ಚಿದವರು ಮನೆಯ ಹೆಂಗಸರು. 'ಕೈರುಚಿ' ಎಂಬ ಒಂದು ಪದದಲ್ಲಿ ಆ ದುಡಿಮೆಯನ್ನೆಲ್ಲ ಮುಚ್ಚಿಟ್ಟು ಬಹಳ ಕಾಲವಾಯಿತು. ಗಂಡಸು ತನ್ನ ಕಾಫಿಯನ್ನು ತಾನೇ ಮಾಡಿಕೊಳ್ಳುವಂತೆ ಒಂದು ಯಂತ್ರ ಮಾಡಿದರೆ ಅದನ್ನು ಸ್ವಾಗತಿಸಬೇಕು.

ಗುಂಡಿ ಒತ್ತುವವರು, ತಟ್ಟೆ ತೊಳೆಯುವವರು

ಆದರೆ ಯಂತ್ರ ನಿಜಕ್ಕೂ ಹಾಗೆ ಮಾಡುತ್ತದೆಯೇ? ಜಾಹೀರಾತಿನಲ್ಲಿ ಕಾಣುವುದು ಗುಂಡಿ ಒತ್ತುವ ಬೆರಳು ಮಾತ್ರ. ಯಂತ್ರದ ಜೊತೆ ಬರುವ ಕೈಪಿಡಿಯನ್ನು ತೆರೆದರೆ ಉಳಿದದ್ದೆಲ್ಲ ಅಲ್ಲಿರುತ್ತದೆ.

ತೊಟ್ಟಿಯ ನೀರನ್ನು ದಿನವೂ ಬದಲಿಸಬೇಕು. ಬೆಳಗಿನ ಮೊದಲ ಲೋಟಕ್ಕೆ ಮುನ್ನ ಕ್ಯಾಪ್ಸೂಲ್ ಇಲ್ಲದೆ ಒಮ್ಮೆ ಬರೀ ಬಿಸಿನೀರು ಹರಿಸಬೇಕು. ಕೊನೆಯ ಲೋಟದ ನಂತರವೂ ಹಾಗೆಯೇ ಮಾಡಿದರೆ ಮೂತಿಯಲ್ಲಿ ಕಾಫಿ ಎಣ್ಣೆ ಕಟ್ಟಿಕೊಂಡು ಕಮಟು ವಾಸನೆ ಬರುವುದಿಲ್ಲ. ಬಳಸಿದ ಕ್ಯಾಪ್ಸೂಲುಗಳು ಬೀಳುವ ಡಬ್ಬಿಯನ್ನೂ ಹನಿ ಸೋರುವ ತಟ್ಟೆಯನ್ನೂ ಪ್ರತಿದಿನ ಖಾಲಿ ಮಾಡಿ ತೊಳೆದು ಒಣಗಿಸಬೇಕು. ಎರಡು ಮೂರು ದಿನ ಹಾಗೇ ಬಿಟ್ಟರೆ ಒದ್ದೆ ಚರಟದ ಮೇಲೆ ಬೂಷ್ಟು ಬೆಳೆಯುತ್ತದೆ. ನೀರಿನ ತೊಟ್ಟಿಗೆ ಹಾಲನ್ನು ಎಂದೂ ಹಾಕಕೂಡದು. ನಮ್ಮದು ಹಾಲಿನ ಕಾಫಿಯಾದ್ದರಿಂದ ಒಲೆಯೂ ಹಾಲಿನ ಪಾತ್ರೆಯೂ ಹೇಗಿದ್ದರೂ ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸುಣ್ಣದ ಪೊರೆ. ನಲ್ಲಿಯಲ್ಲಿ ನೀರು ಬಾರದ ದಿನ ಬೋರ್‌ವೆಲ್ ನೀರು ತುಂಬುವ ಮನೆಗಳಲ್ಲಿ ಇದರ ಕಾಟ ಹೆಚ್ಚು. ಗಡಸು ನೀರು ಕಾದಾಗ ಅದರೊಳಗಿನ ಸುಣ್ಣದ ಅಂಶ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿನೀರಿನ ಹಂಡೆಯ ಒಳಮೈಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಂಡೆಯನ್ನು ಉಜ್ಜಬಹುದು, ಯಂತ್ರದ ಸಣ್ಣ ಕೊಳವೆಯೊಳಗೆ ಕೈ ಹೋಗುವುದಿಲ್ಲ. ಕಾಫಿ ಸಣ್ಣ ಧಾರೆಯಾಗಿ ಇಳಿಯುವುದು, ಬಿಸಿ ಸಾಲದಿರುವುದು, ಪಂಪು ಎಂದಿಲ್ಲದ ಸದ್ದು ಮಾಡುವುದು ಇದರ ಲಕ್ಷಣಗಳು. ಹಾಗಾಗಿ ಕಂಪನಿ ಹೇಳುವ ದ್ರಾವಣವನ್ನು ಕಾಲಕಾಲಕ್ಕೆ ನೀರಿನಲ್ಲಿ ಬೆರೆಸಿ ಹರಿಸಿ, ಆಮೇಲೆ ಎರಡು ಮೂರು ತೊಟ್ಟಿ ಬರೀ ನೀರು ಹರಿಸಬೇಕು. ಇಂತಹ ಬಹುತೇಕ ದ್ರಾವಣಗಳಲ್ಲಿ ಇರುವುದು ನಿಂಬೆ ಉಪ್ಪಿನಂತಹ ಹುಳಿಯೇ. ವಿನೆಗರ್ ಹಾಕಿದರೆ ರಬ್ಬರಿನ ಭಾಗಗಳು ಕೆಡುತ್ತವೆ, ವಾಸನೆಯೂ ಬಿಡದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಸೋಸಿದ ನೀರನ್ನೇ ಬಳಸಿದರೆ ಈ ಕೆಲಸ ಬಹಳಷ್ಟು ಕಡಿಮೆಯಾಗುತ್ತದೆ.

ಈ ಪಟ್ಟಿಯನ್ನು ಓದಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ. ಇದನ್ನೆಲ್ಲ ಮಾಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಗುಂಡಿ ಒತ್ತುವ ಕೈ ಬದಲಾಗಿದೆ, ತಟ್ಟೆ ತೊಳೆಯುವ ಕೈ ಬದಲಾಗಿಲ್ಲ. ಮೊದಲು ಕಾಫಿ ಮಾಡಿದವಳಿಗೆ 'ಚೆನ್ನಾಗಿದೆ' ಎಂಬ ಮಾತಾದರೂ ಸಿಗುತ್ತಿತ್ತು. ಈಗ ಹೊಗಳಿಕೆ ಯಂತ್ರಕ್ಕೆ, ಚರಟದ ಡಬ್ಬಿ ಅವಳಿಗೆ. ದುಡಿಮೆಯನ್ನು ಹಗುರ ಮಾಡುತ್ತೇನೆಂದು ಬರುವ ಅನೇಕ ಯಂತ್ರಗಳು ದುಡಿಮೆಯನ್ನು ಕಣ್ಣಿಗೆ ಕಾಣದಂತೆ ಮಾಡಿ ಬಿಡುತ್ತವೆ. ಪಾಡ್ ಯಂತ್ರವೂ ಅದೇ ಸಾಲಿನದು. ತನ್ನ ಕಾಫಿಯನ್ನು ತಾನೇ ಮಾಡಿಕೊಂಡೆನೆಂದು ಹೆಮ್ಮೆಪಡುವ ಗಂಡಸು ಆ ತಟ್ಟೆಯನ್ನೂ ತೊಳೆದರೆ ಮಾತ್ರ ಆ ಹೆಮ್ಮೆಗೆ ಅರ್ಥ ಬರುತ್ತದೆ.

ಮಂಡಿಯ ಮಾತು

ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ. ಮಂಡಿಯ ಮೊದಲ ನಿಯಮ, ಸರಕನ್ನು ಕಣ್ಣಾರೆ ನೋಡಿ, ಅಂಗೈಯಲ್ಲಿ ಹಿಡಿದು, ಮೂಸಿ, ತೂಗಿಸಿ ಕೊಳ್ಳುವುದು. ಮೈಸೂರಿನ ಕಾಫಿಪುಡಿ ಅಂಗಡಿಗಳೂ ಈ ನಿಯಮದ ಮೇಲೆಯೇ ನಡೆದು ಬಂದವು. ಪೀಬೆರಿ ಎಷ್ಟು, ಪ್ಲಾಂಟೇಷನ್ ಎಷ್ಟು, ರೋಬಸ್ಟಾ ಸೇರಿಸಬೇಕೋ ಬೇಡವೋ, ಚಿಕೋರಿ ಎಷ್ಟಿರಲಿ ಎಂದು ಗಿರಾಕಿ ಹೇಳುತ್ತಾನೆ. ಅವನ ಕಣ್ಣೆದುರೇ ಬೀಸಿಕೊಡುತ್ತಾರೆ. ಪುಡಿಯಲ್ಲಿ ಚಿಕೋರಿ ಶೇಕಡಾ 49ನ್ನು ಮೀರಬಾರದು, ಎಷ್ಟಿದೆಯೆಂದು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬ ಕಾನೂನೂ ಇದೆ. ಎಂಬತ್ತು-ಇಪ್ಪತ್ತು ಎಂದರೆ ಏನೆಂದು ಕಾಫಿ ಕುಡಿಯುವ ಮನೆಯ ಮಕ್ಕಳಿಗೂ ಗೊತ್ತು.

ಕ್ಯಾಪ್ಸೂಲ್ ಮೊಹರು ಮಾಡಿದ ಸರಕು. ಅದರ ಬಣ್ಣವನ್ನು ನೋಡಿ ಆರಿಸಬಹುದು, ಒಳಗಿನದನ್ನು ಮೂಸಿ ಆರಿಸಲಾಗದು. ಮೈಸೂರಿನವರೇ ಆಗಿದ್ದ ಆರ್.ಕೆ. ನಾರಾಯಣ್ ತಮ್ಮ ಅಮೆರಿಕ ಪ್ರವಾಸದ ದಿನಚರಿಯಲ್ಲಿ, ಕಾಫಿ ಕಪ್ಪೋ ಬಿಳಿಯೋ ಎಂದು ಕೇಳಿದ ಹೋಟೆಲಿನವನಿಗೆ ತಮಗೆ ಬೇಕಾದ ಬಣ್ಣವನ್ನು ವಿವರಿಸಲು ಹೋಗಿ ಪಟ್ಟ ಪಾಡನ್ನು ತಮಾಷೆಯಾಗಿ ಬರೆದಿದ್ದಾರೆ. ಕಾಫಿ ಹೀಗೆಯೇ ಇರಬೇಕು ಎಂದು ಹೇಳುವ ಹಕ್ಕನ್ನು ಮೈಸೂರಿನವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟವರಲ್ಲ. ಈಗ ಹನ್ನೆರಡು ಬಣ್ಣದ ಕ್ಯಾಪ್ಸೂಲುಗಳ ಪೆಟ್ಟಿಗೆಯನ್ನು ಮುಂದಿಟ್ಟು ಇದೇ ಆಯ್ಕೆಯ ಸ್ವಾತಂತ್ರ್ಯ ಎನ್ನುತ್ತಾರೆ. ಬೇರೆಯವರು ಬೆರೆಸಿಟ್ಟ ಹನ್ನೆರಡರಲ್ಲಿ ಒಂದನ್ನು ಎತ್ತಿಕೊಳ್ಳುವುದಕ್ಕೂ, ಹೀಗೆ ಬೆರೆಸಿ ಎಂದು ಹೇಳುವುದಕ್ಕೂ ವ್ಯತ್ಯಾಸವಿದೆ.

ಲೆಕ್ಕವನ್ನೂ ಒಮ್ಮೆ ಹಾಕೋಣ. ಕ್ಯಾಪ್ಸೂಲ್ ಒಂದಕ್ಕೆ 50 ರೂಪಾಯಿ, ಅದರೊಳಗೆ 5 ಗ್ರಾಂ ಪುಡಿ ಎಂದಿಟ್ಟುಕೊಂಡರೆ ಕಿಲೋಗೆ 10,000 ರೂಪಾಯಿ ಆಯಿತು. ಅಂಗಡಿಯ ಒಳ್ಳೆಯ ಪುಡಿಗೆ ಕಿಲೋಗೆ 1,000 ರೂಪಾಯಿ ಎಂದೇ ಹಿಡಿದು, ಲೋಟಕ್ಕೆ ಧಾರಾಳವಾಗಿ 10 ಗ್ರಾಂ ಹಾಕಿದರೂ ಖರ್ಚು 10 ರೂಪಾಯಿ. ಬೆಳೆಗಾರನ ಕಡೆಯಿಂದ ನೋಡಿ. ಹುರಿಯುವಾಗ ತೂಕ ಇಳಿಯುವುದನ್ನು ಸೇರಿಸಿದರೂ ಒಂದು ಕ್ಯಾಪ್ಸೂಲಿಗೆ ಬೇಕಾಗುವುದು ಸುಮಾರು 6 ಗ್ರಾಂ ಹಸಿ ಬೀಜ. ಕಿಲೋಗೆ 500 ರೂಪಾಯಿ ಸಿಕ್ಕಿತೆಂದರೂ ಅವನ ಪಾಲು 3 ರೂಪಾಯಿ. ಉಳಿದ 47 ರೂಪಾಯಿ ಹುರಿಯುವಿಕೆ, ಲೋಹ, ಸಾಗಣೆ, ಜಾಹೀರಾತು, ಲಾಭಗಳಿಗೆ ಹೋಯಿತು.

ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಕ್ಯಾಪ್ಸೂಲಿನಲ್ಲಿ ಹಣ ಎಣಿಸುವುದು ಈ ವ್ಯಾಪಾರದ ಗುಟ್ಟು. ಅಮೆರಿಕದ ಕ್ಯೂರಿಗ್ ಕಂಪನಿ 2014ರಲ್ಲಿ ತಂದ ಹೊಸ ಯಂತ್ರ ಬೇರೆ ಕಂಪನಿಗಳ ಪಾಡುಗಳನ್ನು ಗುರುತಿಸಿ ಕೆಲಸ ಮಾಡಲು ನಿರಾಕರಿಸುತ್ತಿತ್ತು. ಗ್ರಾಹಕರು ಸಿಟ್ಟಿಗೆದ್ದರು, ಮಾರಾಟ ಕುಸಿಯಿತು. 2015ರಲ್ಲಿ ಕಂಪನಿ ತಾನು ಎಡವಿದ್ದನ್ನು ಒಪ್ಪಿಕೊಂಡು ಹಿಂದೆ ಸರಿಯಿತು. ಹಣ ಕೊಟ್ಟು ಮನೆಗೆ ತಂದ ಯಂತ್ರ ಮನೆಯೊಡತಿಯ ಮಾತು ಕೇಳಬೇಕೋ ಕಂಪನಿಯ ಮಾತು ಕೇಳಬೇಕೋ ಎಂಬ ಜಗಳ ಅದು. ಕೊಳ್ಳುವವರು ಒಟ್ಟಾಗಿ ಬೇಡವೆಂದರೆ ದೊಡ್ಡ ಕಂಪನಿಯೂ ಬಗ್ಗುತ್ತದೆ ಎಂಬ ಪಾಠವೂ ಅದರಲ್ಲಿದೆ.

ಹಸಿಯೂ ಅಲ್ಲ, ಒಣವೂ ಅಲ್ಲ

ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶದ ಮೊದಲ ಸ್ಥಾನ ಪಡೆಯಿತು. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ ಸರಕಾರಿ ಕಟ್ಟಡಗಳಿಗೆ ಕ್ಯಾಪ್ಸೂಲ್ ಯಂತ್ರ ಕೊಳ್ಳುವುದನ್ನು ನಿಲ್ಲಿಸಿದ್ದೂ ಅದೇ ವರ್ಷ. ಇಷ್ಟು ಸಣ್ಣ ವಸ್ತುವಿನ ಮೇಲೆ ಅಷ್ಟು ದೊಡ್ಡ ನಗರಕ್ಕೆ ಏಕೆ ಕೋಪ?

ಉತ್ತರ ನಮ್ಮ ಮನೆ ಬಾಗಿಲಿಗೆ ಬರುವ ಕಸದ ಗಾಡಿಯಲ್ಲಿದೆ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಪೌರಕಾರ್ಮಿಕರು ಹೇಳುತ್ತಾರೆ. ಬಳಸಿದ ಕ್ಯಾಪ್ಸೂಲ್ ಎರಡೂ ಹೌದು, ಎರಡೂ ಅಲ್ಲ. ಹೊರಗೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಒಳಗೆ ಒದ್ದೆ ಚರಟ. ಗೊಬ್ಬರದ ಗುಂಡಿಗೆ ಹಾಕಿದರೆ ಲೋಹ ಕೊಳೆಯದು. ಅಲ್ಯೂಮಿನಿಯಂ ತಾನೇ, ಗುಜರಿಗೆ ಹಾಕಿದರಾಯಿತು ಎನ್ನಬಹುದು. ಒಂದು ಕ್ಯಾಪ್ಸೂಲಿನಲ್ಲಿರುವ ಲೋಹ ಸುಮಾರು 1 ಗ್ರಾಂ. ಒಂದು ಕಿಲೋ ಆಗಬೇಕಾದರೆ ಸಾವಿರ ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಕತ್ತರಿಸಿ, ಚರಟ ಕೊಡವಿ, ತೊಳೆಯಬೇಕು. ತಂಬಿಗೆ, ತಂತಿ, ಹಳೆಯ ಪಾತ್ರೆ ತೂಗುವ ಗುಜರಿಯವನು ಇದನ್ನು ಏಕೆ ಮುಟ್ಟುತ್ತಾನೆ? ಮರುಬಳಕೆ ಮಾಡಬಹುದು ಎಂಬ ಮಾತು ಡಬ್ಬದ ಮೇಲೆ ಇರುತ್ತದೆ. ಮಾಡುವವರು ಯಾರೆಂದು ಅಲ್ಲಿ ಬರೆದಿರುವುದಿಲ್ಲ.

2022ರ ಜುಲೈ 1ರಿಂದ ಕೇಂದ್ರ ಸರಕಾರ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಬೀದಿಬದಿಯ ಅಂಗಡಿಯ ಪ್ಲಾಸ್ಟಿಕ್ ಲೋಟ, ಸಕ್ಕರೆ ಕಲಕುವ ಕಡ್ಡಿ ಆ ಪಟ್ಟಿಯಲ್ಲಿವೆ. ಕಾಫಿ ಕ್ಯಾಪ್ಸೂಲ್ ಇಲ್ಲ. ಅಮೆರಿಕದಲ್ಲಿ ಇಂತಹ ಪಾಡನ್ನು ರೂಪಿಸಿದವರಲ್ಲಿ ಒಬ್ಬರಾದ ಜಾನ್ ಸಿಲ್ವನ್ 2015ರಲ್ಲಿ ಒಂದು ಸಂದರ್ಶನದಲ್ಲಿ, ಇದನ್ನು ಮಾಡಿದ್ದಕ್ಕೆ ಕೆಲವೊಮ್ಮೆ ಬೇಸರವಾಗುತ್ತದೆ, ತಮ್ಮ ಮನೆಯಲ್ಲಿ ಈ ಯಂತ್ರವಿಲ್ಲ ಎಂದು ಹೇಳಿಕೊಂಡರು. ದುಂದುಗಾರಿಕೆಗೆ ನಾವು ಇಸ್ರಾಫ್ ಎನ್ನುತ್ತೇವೆ. ಊಟದ ತಟ್ಟೆಯಲ್ಲಿ ಅನ್ನ ಬಿಟ್ಟ ಮಗುವಿಗೆ ಆ ಪದವನ್ನು ಹೇಳುವ ಮನೆಯಲ್ಲಿ, ಒಂದು ಲೋಟಕ್ಕೆ ಒಂದು ಲೋಹದ ಡಬ್ಬಿಯನ್ನು ಎಸೆಯುವುದಕ್ಕೂ ಅದೇ ಪದ ಏಕೆ ಅನ್ವಯಿಸುವುದಿಲ್ಲ?

ಬೀಜ ಬಂದ ದಾರಿ

ಕಾಫಿಯ ಚರಿತ್ರೆಯನ್ನು ಸ್ವಲ್ಪ ನೆನಪಿಸಿಕೊಂಡರೆ ಈ ಯಂತ್ರದ ನಿಜವಾದ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಝಿಕ್ರ್‌ಗೆ ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದರು. ಅವರು ಕುಡಿಯುತ್ತಿದ್ದ ರೀತಿಯನ್ನು ಹದಿನಾರನೆಯ ಶತಮಾನದ ಲೇಖಕ ಅಲ್ ಜಝೀರಿ ದಾಖಲಿಸಿದ್ದಾರೆ. ಕೆಂಪು ಮಣ್ಣಿನ ಒಂದು ದೊಡ್ಡ ಪಾತ್ರೆ. ಅದರಿಂದ ಗುರು ಸಣ್ಣ ಬಟ್ಟಲಲ್ಲಿ ಮೊಗೆದು ಒಬ್ಬೊಬ್ಬರಿಗಾಗಿ ಕೊಡುತ್ತಿದ್ದರು. ಪಾತ್ರೆ ಒಂದೇ, ಸರದಿ ಎಲ್ಲರದು.

1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಜನ ಒಂದೆಡೆ ಕೂಡಿ ಕುಡಿಯುತ್ತಾ ಹರಟುವುದು ಅವನ ಕಣ್ಣು ಕುಕ್ಕಿದ ಸಂಗತಿಗಳಲ್ಲಿ ಒಂದು. ಆ ನಿಷೇಧ ಹೆಚ್ಚು ಕಾಲ ಉಳಿಯಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಗುಂಡಿ ಒತ್ತಿ ಕುಡಿಯುವ ಕಾಫಿಯನ್ನು ಯಾವ ಖೈರ್ ಬೇಗನೂ ನಿಷೇಧಿಸಬೇಕಾಗಿ ಬರುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಹಜ್ ಯಾತ್ರೆಯಿಂದ ಮರಳುವಾಗ ಯಮನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬೀಜವನ್ನು ಹೊರಗೆ ಬಿಡದೆ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಕಾಲ ಅದು. ಆ ಮುಷ್ಟಿ ಸಡಿಲಿಸಿದ ಕತೆಯಾಗಿಯೇ ನಮ್ಮ ಜನ ಅದನ್ನು ಹೇಳುತ್ತಾ ಬಂದಿದ್ದಾರೆ. ಇಂದು ದೇಶದ ಕಾಫಿಯ ಸುಮಾರು ಶೇಕಡಾ 70 ಕರ್ನಾಟಕದ್ದು. ಒಬ್ಬ ಮುಸ್ಲಿಮ್ ಫಕೀರನ ಹೆಸರಿನೊಂದಿಗೆ ಬಂದ ಪಾನೀಯ ಆಮೇಲೆ ಪಟ್ಟಣಗಳಲ್ಲಿ ಜಾತಿ ವರ್ಗಗಳ ಗುರುತಾದದ್ದು ಇನ್ನೊಂದು ಕತೆ. ತಮಿಳುನಾಡಿನಲ್ಲಿ ಕಾಫಿ ಬ್ರಾಹ್ಮಣ ಮಧ್ಯಮವರ್ಗದ್ದು, ಚಹಾ ದುಡಿಯುವ ಜನರದ್ದು ಎಂಬ ಭಾವನೆ ಬೆಳೆದ ಬಗೆಯನ್ನು ಇತಿಹಾಸಕಾರ ಎ.ಆರ್. ವೆಂಕಟಾಚಲಪತಿ ವಿವರಿಸಿದ್ದಾರೆ. ಲೋಟ ಯಾವುದು, ಯಾರು ಎಲ್ಲಿ ಕೂತು ಕುಡಿಯಬೇಕು ಎಂಬ ಭೇದಗಳನ್ನು ನಮ್ಮ ಹಳೆಯ ಹೋಟೆಲುಗಳೂ ಕಂಡಿವೆ. ಹಾಗಾಗಿ ಹಿಂದಿನದೆಲ್ಲ ಸಮಾನತೆಯ ಕಾಲವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಪಾಡ್ ಯಂತ್ರ ಆ ಹಳೆಯ ಭೇದವನ್ನು ಅಳಿಸಲಿಲ್ಲ, ಅದರ ಪಕ್ಕದಲ್ಲೇ ಅಂತಸ್ತಿನ ಹೊಸ ಗುರುತಾಗಿ ಕೂತಿದೆ ಎನ್ನುತ್ತಿದ್ದೇವೆ.

ಈಗಿನ ದಾರಿ ನೋಡಿ. ಸ್ವಿಟ್ಜರ್‌ಲ್ಯಾಂಡಿನ ನೆಸ್ಲೆ ಕಂಪನಿಯಲ್ಲಿದ್ದ ಎರಿಕ್ ಫಾವ್ರ್ ರೂಪಿಸಿದ ಕ್ಯಾಪ್ಸೂಲ್ ಪದ್ಧತಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. 1986ರಲ್ಲಿ ನೆಸ್ಪ್ರೆಸೊ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. 2025ರಲ್ಲಿ ಅದರ ಮೊದಲ ಭಾರತೀಯ ಅಂಗಡಿ ದೆಹಲಿಯಲ್ಲಿ ತೆರೆಯಿತು. ಭಾರತದ ಬೀಜದ ಹೆಸರು ಹೊತ್ತ ಕ್ಯಾಪ್ಸೂಲೂ ಅದರಲ್ಲಿ ಉಂಟು. ನಮ್ಮ ಬೆಟ್ಟದ ಬೀಜ ಹಡಗು ಹತ್ತಿ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ, ಹುರಿದು ಪುಡಿಯಾಗಿ ಲೋಹದ ಡಬ್ಬಿಯೊಳಗೆ ಕೂತು ಮರಳಿ ಬರುತ್ತದೆ. ಮೈಸೂರಿಗೆ ಹತ್ತಿರದ ನಂಜನಗೂಡಿನಲ್ಲಿ ಅದೇ ಕಂಪನಿಯ ಇನ್‌ಸ್ಟೆಂಟ್ ಕಾಫಿ ಕಾರ್ಖಾನೆ 1989ರಿಂದ ನಡೆಯುತ್ತಿದೆ. ಇನ್‌ಸ್ಟೆಂಟ್ ಪುಡಿಗಾದರೂ ಒಂದು ಗುಣವಿತ್ತು. ಡಬ್ಬಿ ತೆರೆದು ಒಂದು ಚಮಚ ಕಡಿಮೆ, ಒಂದು ಚಮಚ ಹೆಚ್ಚು ಹಾಕುವ ಅಧಿಕಾರ ಮನೆಯವರ ಕೈಯಲ್ಲೇ ಉಳಿದಿತ್ತು.

ಎಣಿಸಿ ಕೊಡುವ ಆತಿಥ್ಯ

ನಮ್ಮ ಆಕ್ಷೇಪದ ತಿರುಳು ಇಲ್ಲಿದೆ. ಫಿಲ್ಟರಿನ ಕೆಳಗಿನ ಪಾತ್ರೆಯಲ್ಲಿ ಇಳಿದು ನಿಂತ ಡಿಕಾಕ್ಷನ್ ಇಂತಿಷ್ಟೇ ಜನರಿಗೆ ಎಂದು ಎಣಿಸಿದ್ದಲ್ಲ. ನಾಲ್ವರಿಗೆ ಹಾಕಿದ್ದು ಆರು ಜನ ಬಂದರೆ ಆರು ಜನರಿಗೂ ಆಗುತ್ತದೆ. ಹಾಲು ಸ್ವಲ್ಪ ಮುಂದೆ, ಡಿಕಾಕ್ಷನ್ ಸ್ವಲ್ಪ ಹಿಂದೆ, ಅಷ್ಟೆ. ಸುಲೈಮಾನಿ ಕಾಯಿಸುವ ಮನೆಯ ಪಾತ್ರೆಯೂ ಹಾಗೆಯೇ. ಬಂದವರು ಗಣ್ಯರೋ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೋ, ಗೋಡೆಗೆ ಸುಣ್ಣ ಹೊಡೆಯಲು ಬಂದವನೋ ಎಂದು ಆ ಪಾತ್ರೆ ಕೇಳುವುದಿಲ್ಲ.

ಕ್ಯಾಪ್ಸೂಲ್ ಎಣಿಸಿದ ಸರಕು. ಹತ್ತು ಇದ್ದರೆ ಹತ್ತು ಲೋಟ, ಹನ್ನೊಂದನೆಯವರಿಗೆ ಇಲ್ಲ. ರಮಝಾನ್ ರಾತ್ರಿ ತರಾವೀಹ್ ಮುಗಿಸಿ ಹನ್ನೆರಡು ಜನ ಮನೆಗೆ ಬಂದರೆ 600 ರೂಪಾಯಿಯ ಕ್ಯಾಪ್ಸೂಲ್ ಬೇಕು, ಒಂದೊಂದಾಗಿ ಇಳಿಸುತ್ತಾ ಹೋದರೆ ಕೊನೆಯ ಲೋಟ ಬರುವ ಹೊತ್ತಿಗೆ ಮೊದಲನೆಯವರು ಎದ್ದು ಹೊರಟಿರುತ್ತಾರೆ. ಹಣಕ್ಕಿಂತಲೂ ದೊಡ್ಡ ತೊಂದರೆ ಮನಸ್ಸಿನದು. 50 ರೂಪಾಯಿಯ ಲೋಟ ಎಂಬುದು ಒಮ್ಮೆ ತಲೆಗೆ ಹೊಕ್ಕರೆ, ಬಂದವರನ್ನು ನಾವು ಅಳೆಯತೊಡಗುತ್ತೇವೆ. ಇವರಿಗೆ ಯಂತ್ರದ್ದು, ಅವರಿಗೆ ಸಾದಾ ಎಂಬ ಎರಡು ದರ್ಜೆ ಮನೆಯೊಳಗೇ ಹುಟ್ಟಿಕೊಳ್ಳುತ್ತದೆ. ಹೋಟೆಲಿನ ಎರಡು ಬಗೆಯ ಲೋಟಗಳನ್ನು ತೆಗೆಸಲು ಹೋರಾಡಿದ ನಾಡಿನಲ್ಲಿ, ಮನೆಯ ಅಡುಗೆಕಟ್ಟೆಯ ಮೇಲೆ ಅದನ್ನು ನಾವೇ ಮತ್ತೆ ತಂದಿಡಬೇಕೇ?

ಇದರರ್ಥ ಯಂತ್ರವನ್ನು ಹೊರಗೆಸೆಯಿರಿ ಎಂದಲ್ಲ. ಹಾಗೆ ಎಸೆದರೆ ಅದೂ ಇನ್ನೊಂದು ಇಸ್ರಾಫ್. ಇರುವವರು ಅದನ್ನು ಶುಚಿಯಾಗಿಟ್ಟು ಹೆಚ್ಚು ವರ್ಷ ಬಾಳಿಸಲಿ. ಮತ್ತೆ ಮತ್ತೆ ತುಂಬಿ ಬಳಸಬಹುದಾದ ಉಕ್ಕಿನ ಕ್ಯಾಪ್ಸೂಲುಗಳು ಸಿಗುತ್ತವೆ. ತಮ್ಮ ಯಂತ್ರಕ್ಕೆ ಹೊಂದುವುದೇ ಎಂದು ನೋಡಿ, ವಾರಂಟಿಯ ನಿಬಂಧನೆ ಓದಿ ಅದನ್ನು ಕೊಳ್ಳಬಹುದು. ಅದಕ್ಕೆ ನಮ್ಮೂರಿನ ಅಂಗಡಿಯ ಪುಡಿಯನ್ನೇ ತುಂಬಬಹುದು. ಚಿಕೋರಿ ಹೆಚ್ಚಿದ್ದರೆ ದಾರಿ ಕಟ್ಟಿಕೊಳ್ಳಬಹುದಾದ್ದರಿಂದ ಚಿಕೋರಿಯಿಲ್ಲದ ಪುಡಿ ಒಳ್ಳೆಯದು. ಆಗ ಮೂಸಿ ಕೊಳ್ಳುವ ಹಕ್ಕು ಮರಳಿ ಬರುತ್ತದೆ, ಕಸ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಒಬ್ಬರೇ ಇರುವ ವೃದ್ಧರ ಮನೆಯಲ್ಲಿ, ರಾತ್ರಿಪಾಳಿ ಮುಗಿಸಿ ಬರುವ ನರ್ಸಿನ ಕೋಣೆಯಲ್ಲಿ ಅದು ಇರಲಿ. ಅಲ್ಲಿ ಒಂದು ಲೋಟವೇ ನಿಜವಾದ ಅಗತ್ಯ.

ಆದರೆ ತುಂಬಿದ ಮನೆಯಲ್ಲಿ ಆ ಯಂತ್ರ ಫಿಲ್ಟರಿನ ಪಕ್ಕದಲ್ಲಿರಲಿ, ಫಿಲ್ಟರಿನ ಜಾಗದಲ್ಲಿ ಬೇಡ. ಫಿಲ್ಟರಿಗೆ ಪಂಪಿಲ್ಲ, ತಂತಿಯಿಲ್ಲ, ಕರೆಂಟು ಹೋದರೆ ಚಿಂತೆಯಿಲ್ಲ. ತೂತು ಕಟ್ಟಿದರೆ ಒಲೆಯ ಉರಿಯ ಮೇಲೆ ಒಂದು ಕ್ಷಣ ಹಿಡಿದು ಉಜ್ಜಿದರೆ ಸಾಕು. ದಾದಿ ಬಳಸಿದ್ದನ್ನು ಮೊಮ್ಮಗಳೂ ಬಳಸಬಹುದು, ಮೊಮ್ಮಗನೂ ಬಳಸುವುದನ್ನು ಕಲಿತರೆ ಇನ್ನೂ ಒಳ್ಳೆಯದು. ಡಿಕಾಕ್ಷನ್ ಹಾಕುವುದು ಹೆಂಗಸರ ಕೈಗೆ ಮಾತ್ರ ಒಲಿಯುವ ವಿದ್ಯೆಯೇನಲ್ಲ. ಆ ಕೆಲಸ ಮನೆಯವರೆಲ್ಲರ ನಡುವೆ ಹಂಚಿಹೋದರೆ ಅದಕ್ಕಾಗಿ ಯಂತ್ರದ ಮೊರೆ ಹೋಗುವ ಅಗತ್ಯವೇ ಬಾರದು. ಕರೆಯದೆ ಬಂದವರಿಗೂ ಒಂದು ಲೋಟ ಉಳಿದಿರುವ ಮನೆ ನಮ್ಮದಾಗಿರಬೇಕೋ ಬೇಡವೋ ಎಂಬುದನ್ನು ಯಂತ್ರಕ್ಕೆ ಬಿಡದೆ ನಾವೇ ತೀರ್ಮಾನಿಸಬೇಕು.